ಮಂಗಳವಾರ, ಶುಕ್ರವಾರ

ಲಿಬ್ಬಿಯ ಚಿಕಿತ್ಸಾಲಯದಲ್ಲಿ ನನ್ನ ಕೆಲಸ
ಜನರಿಗೆ ಊದಲು ಹೇಳುವುದು.
ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ,
ಎದೆ ತುಂಬ ಎಳೆದುಕೊಳ್ಳಿ, ಈಗ ಬಿಡಿ,
ಬಿಡಿ ಬಿಡಿ ಬಿಡಿ, ಇನ್ನೂ, ಇನ್ನೂ, ಇನ್ನೂ.
ಎಮ್ಮೆ ಅಟ್ಟುವವಳ ಹಾಗೆ ಕೂಗುತ್ತೇನೆ ದಿನವೆಲ್ಲ.
ಪರದೆಯ ಮೇಲೊಂದು ಗೆರೆ ಬೆಟ್ಟ ಹತ್ತಿ ಇಳಿಯಬೇಕು.
ಇಲ್ಲಿಯವರ ಗೆರೆಗೆ
ದಿಬ್ಬಕ್ಕೇ ಸುಸ್ತು.

ಇವತ್ತು ಬಂದವನು ಆರ್ವಿಡ್ ಟೋಲೆಫ್‌ಸನ್,
ಎಪ್ಪತ್ತಾರು. ಚಕ್ರದ ಮೇಲೆ ಹಿಂದೆ ಹಿಂದೆ
ಆಮ್ಲಜನಕದ ಸಿಲಿಂಡರು. ಅದಕ್ಕೆ ಹೆಸರನ್ನೂ ಇಟ್ಟಿದ್ದಾನೆ:
ಫೋರ್‌ಮನ್.
ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ ನೋಡು, ಅಂದ.

ಬೆಟ್ಟದ ಗಣಿಯಲ್ಲಿ ಇಪ್ಪತ್ತೆರಡು ವರ್ಷ.
ಒಣ ಗಿರಣಿಯಲ್ಲಿ ಕಸಬರಿಕೆ ಹಿಡಿದು ಶುರು,
ಹೊಸಬರಿಗೆಲ್ಲ ಅದೇ. ಗುಡಿಸಿದಷ್ಟೂ ಬೀಳುತ್ತಿತ್ತು,
ಉರಿಯುವ ಬಲ್ಬು ಕಾಣದಷ್ಟು,
ಪಕ್ಕದವನ ಗುರುತು ಬರೀ ಕೆಮ್ಮಿನಿಂದ.
ಅಗೆದದ್ದು ಕಾಗೆಬಂಗಾರದ ಕಡೆಯ ತಮ್ಮ,
ಕಾಸಿದರೆ ಪದರ ಬಿಚ್ಚಿ ಉಬ್ಬುತ್ತದೆ
ಇಷ್ಟಿದ್ದದ್ದು ಇಷ್ಟು. ಬೆರಳಲ್ಲಿ ತೋರಿಸಿದ.
ನಮ್ಮಲ್ಲಿ ಅದಕ್ಕೆ ಅರಳು ಅನ್ನುತ್ತೇವೆ, ನಾನಂದೆ,
ಕಾದ ಮರಳಲ್ಲಿ ಭತ್ತ ಹೂವಾಗುತ್ತದೆ,
ಪಟಪಟ ಮಾತಾಡುವವರನ್ನು ಕಂಡರೆ
ಅರಳು ಹುರಿದ ಹಾಗೆ ಅನ್ನುತ್ತೇವೆ.
ನಕ್ಕ. "ನಾನೂ… ಹಾಗೇ… ಇದ್ದೆ."
ಮೂರು ಪದಕ್ಕೆ ಎರಡು ತಂಗುದಾಣ.

ಅರಳಿನದೇನೂ ತಪ್ಪಿಲ್ಲ. ಅದರ ಪಕ್ಕ
ಅದೇ ಕಲ್ಲಲ್ಲಿ ಮಲಗಿತ್ತು ಇನ್ನೊಂದು,
ಎಳೆ ಎಳೆ, ಕಣ್ಣಿಗೆ ಸಿಗದಷ್ಟು ಸಪೂರ,
ಬೆಂಕಿಗೂ ಬಗ್ಗದ್ದು.
ಅದು ಹೊಕ್ಕಿತು. ಹೊಕ್ಕಿದ್ದು ಹೊರಡಲಿಲ್ಲ.
ಮೂವತ್ತು ವರ್ಷ ಸಾವಕಾಶವಾಗಿ
ಆರಿದ ಹಾಲಿಗೆ ಕೆನೆ ಕಟ್ಟಿದ ಹಾಗೆ ಕಟ್ಟಿ
ಕೆನೆ ಚಕ್ಕಳವಾಯಿತು.
ಬೆಳೆದ ಗಂಡಸಿಗೆ ಆರನೇ ವಯಸ್ಸಿನ ಅಂಗಿ ತೊಡಿಸಿ
ಎಲ್ಲ ಗುಂಡಿ ಹಾಕಿದರೆ ಹೇಗೋ
ಹಾಗಿದೆ ಶ್ವಾಸಕೋಶ.

ಗೊತ್ತಿತ್ತೇ ಅವರಿಗೆ ಎಂದು ನಾನು ಕೇಳುವುದಿಲ್ಲ,
ಕೇಳುವುದು ನನ್ನ ಕೆಲಸವಲ್ಲ. ಅವನೇ ಹೇಳಿದ:
ವರ್ಷ ವರ್ಷ ಎಕ್ಸ್‌ರೇ ತೆಗೆಸುತ್ತಿದ್ದರು,
ಏನು ಬಂತು ಅಂದರೆ, ಹೋಗಯ್ಯಾ, ಬರೀ ಧೂಳು.
ಉಸಿರೆತ್ತಬೇಡ ಅನ್ನುತ್ತಾರಲ್ಲ ಕನ್ನಡದಲ್ಲಿ,
ಅದನ್ನೂ ಇವನಿಗೆ ಬಿಡಿಸಿ ಹೇಳಹೊರಟು
ಬಾಯಿ ಮುಚ್ಚಿಕೊಂಡೆ.

ಮೂರು ಸಲ ಊದಿದ. ನೂರಕ್ಕೆ ನಲವತ್ತೊಂದು.
ಏಳಲು ಕೈ ಕೊಟ್ಟಳು ಹೆಂಡತಿ ಡೆಲೋರಿಸ್.
ಕೈ ಕೊಟ್ಟವಳೇ ಗೋಡೆ ಹಿಡಿದು ನಿಂತಳು,
ಸ್ವಲ್ಪ ಹೆಚ್ಚೇ ಹೊತ್ತು.
ನೀವೂ ಒಮ್ಮೆ ಊದಿ, ಅಂದೆ.
ನಾನೇಕೆ, ಬೆಟ್ಟ ಹತ್ತಿದವಳೇ ಅಲ್ಲ ನಾನು.
ಊದಿದಳು.
ಮೂವತ್ತನಾಲ್ಕು.
ಯಂತ್ರದ್ದೇ ತಪ್ಪಿರಬೇಕೆಂದು ಮತ್ತೆ ಊದಿಸಿದೆ.
ಮೂವತ್ತಮೂರು.

ಫಾರಂನಲ್ಲಿ ಒಂದು ಕಲಂ: ಗಣಿಯಲ್ಲಿ ಎಷ್ಟು ವರ್ಷ?
ಪೆನ್ನು ಹಿಡಿದು ಕೂತೇ ಇದ್ದಳು.
"ಮಂಗಳವಾರ, ಶುಕ್ರವಾರ," ಅಂದಳು ಕೊನೆಗೆ,
"ಬಟ್ಟೆ ಒಗೆಯುವ ದಿನ. ಮಿಷಿನ್ನಿಗೆ ಹಾಕುವ ಮುಂಚೆ
ಹಿತ್ತಲ ಮೆಟ್ಟಿಲಲ್ಲಿ ನಿಂತು ಇವನ ಅಂಗಿ ಕೊಡವುತ್ತಿದ್ದೆ.
ಬಿಸಿಲಿಗೆ ಎಷ್ಟು ಚಂದ ಕಾಣುತ್ತಿತ್ತು ಗೊತ್ತಾ,
ಮಿಣಮಿಣ. ಹಿಡಿಯುತ್ತೇವೆಂದು
ಮಕ್ಕಳು ಕುಣಿಯುತ್ತಿದ್ದರು ಕೆಳಗೆ."

ನಾನು ಹಾಗೇ ಬರೆದೆ, ಮಂಗಳವಾರ, ಶುಕ್ರವಾರ.
ಕಂಪ್ಯೂಟರು ಒಪ್ಪಲಿಲ್ಲ, ಅದಕ್ಕೆ ಅಂಕಿಯೇ ಬೇಕು.
ಸೊನ್ನೆ ಒತ್ತಲು ಬೆರಳು ಬರಲಿಲ್ಲ.

ಆಮೇಲೆ ಯಾರೂ ಏನೂ ಅನ್ನಲಿಲ್ಲ.
ಆರ್ವಿಡ್ ನೆಲ ನೋಡುತ್ತಿದ್ದ.
ಫೋರ್‌ಮನ್ ಮಾತ್ರ ಸುಯ್ಯೆನ್ನುತ್ತಿತ್ತು.
ಎಷ್ಟು ಮಕ್ಕಳು ಎಂದು ನಾನು ಕೇಳಲಿಲ್ಲ,
ಹೊಸ ಫಾರಂಗಳ ಕಟ್ಟಿನಿಂದ ಒಂದೊಂದೇ ಎಳೆಯುತ್ತಾ ಹೋದೆ
ಅವಳು ಸಾಕು ಅನ್ನುವವರೆಗೆ.
ನಾಲ್ಕಕ್ಕೆ ಸಾಕು ಅಂದಳು.
ತಡೆದು, ಇನ್ನೊಂದು ಕೊಡಿ,
ಹಿರಿಯವನು ಸ್ಪೊಕೇನಿನಲ್ಲಿದ್ದಾನೆ, ಅಂಚೆಗೆ ಹಾಕಬೇಕು,
ನಿಮ್ಮಲ್ಲಿ ಲಕೋಟೆ ಇರುತ್ತದಾ?